ವಿದ್ಯಾರ್ಥಿಯ ಆತ್ಮನಿಂದೆಯೂ ಶ್ರೇಯಾಂಕಪಟ್ಟಿಯೂ: ಒಂದು ಚಾರಿತ್ರಿಕ ವಿವೇಚನೆ

ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಲ್ಲಿ ಕಂಡುಬರುವ ಮನಃಕ್ಲೇಶವನ್ನು ಕುರಿತು ಈಚಿನ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ವೈದ್ಯರೂ ವಿಪುಲವಾಗಿ ಬರೆದಿರುವರು. ಅವರ ವಿವೇಚನೆಯ ತಿರುಳನ್ನು ಹೀಗೆ ಸಂಗ್ರಹಿಸಬಹುದು: ವಿದ್ಯಾರ್ಥಿಯನ್ನು ಕುಗ್ಗಿಸುವುದು ಅವನಿಗೊದಗಿದ ಸೋಲು ಮಾತ್ರವಲ್ಲ, ಆ ಸೋಲನ್ನು ಕುರಿತು ಅವನು ತನ್ನೊಳಗೆ ತಾನೇ ಆಡಿಕೊಳ್ಳುವ ಮಾತು. ‘ಈ ಪತ್ರಿಕೆಯಲ್ಲಿ ಅಂಕ ಬರಲಿಲ್ಲ’ ಎಂದು ಆರಂಭವಾದುದು ‘ನನಗೆ ಓದು ಹತ್ತುವುದಿಲ್ಲ’ ಎಂದಾಗಿ, ಕಡೆಗೆ ‘ನಾನು ಯಾವುದಕ್ಕೂ ಬಾರದವನು’ ಎಂಬಲ್ಲಿಗೆ ಮುಟ್ಟುತ್ತದೆ. ಇದು ಮನಶ್ಶಾಸ್ತ್ರದ ವಿಷಯ. ಇಲ್ಲಿ ಇತಿಹಾಸದ ಅಧ್ಯಾಪಕರಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ. ಈ ಮೂರು ಮಾತುಗಳ ಸರಪಣಿ ತಾನಾಗಿ ಹುಟ್ಟಿದುದಲ್ಲ. ಒಬ್ಬನ ವಿದ್ಯೆಯನ್ನು ಒಂದು ಸಂಖ್ಯೆಯಿಂದ ಸೂಚಿಸಬಹುದು, ಎಲ್ಲರ ಸಂಖ್ಯೆಗಳನ್ನೂ ಒಂದೇ ದಾರದಲ್ಲಿ ಪೋಣಿಸಬಹುದು, ಆ ದಾರದಲ್ಲಿ ಒಬ್ಬನಿಗೆ ದೊರೆತ ಸ್ಥಾನವೇ ಆ ವ್ಯಕ್ತಿಯ ಯೋಗ್ಯತೆ ಎಂಬ ಮೂರು ನಂಬಿಕೆಗಳು ಅದಕ್ಕೆ ಆಧಾರವಾಗಿವೆ. ಈ ನಂಬಿಕೆಗಳಿಗೆ ಹುಟ್ಟಿದ ಕಾಲವುಂಟು, ಹುಟ್ಟಿದ ಊರುಂಟು, ಪ್ರಸಾರ ಮಾಡಿದ ಸಂಸ್ಥೆಗಳುಂಟು. ಅವುಗಳ ಜಾಡನ್ನು ಹಿಡಿದು ಹೋಗುವುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿಗೂ ವಿಷಾದಕ್ಕೂ ಇರುವ ನಂಟು ಬಹು ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಕ್ರಿ. ಶ. ಎರಡನೆಯ ಶತಮಾನದ ಆದಿಯಲ್ಲಿ ಗ್ರೀಸಿನ ನಿಕೊಪೊಲಿಸ್ ಪಟ್ಟಣದಲ್ಲಿ ಪಾಠಶಾಲೆಯನ್ನು ನಡೆಸುತ್ತಿದ್ದ ಎಪಿಕ್ಟೀಟಸ್ ಎಂಬ ದಾರ್ಶನಿಕನ ಉಪದೇಶಗಳನ್ನು ಅವನ ಶಿಷ್ಯ ಆರಿಯನ್ ಬರೆದಿಟ್ಟಿರುವನು. ಆ ಪಾಠಶಾಲೆಯ ಹುಡುಗರೂ ಮನೆಯನ್ನು ನೆನೆದು ಹಂಬಲಿಸುತ್ತಿದ್ದರು. ಅಥೆನ್ಸ್ ನಗರವನ್ನು ಮತ್ತೆಂದು ಕಾಣುವೆವೋ ಎಂದು ಕೊರಗುತ್ತಿದ್ದರು. ಮನುಷ್ಯರನ್ನು ಕದಡುವುದು ಸಂಗತಿಗಳಲ್ಲ, ಸಂಗತಿಗಳನ್ನು ಕುರಿತ ಅವರ ತೀರ್ಮಾನಗಳು ಎಂಬ ಆತನ ಬೋಧನೆಯನ್ನು ಇಪ್ಪತ್ತನೆಯ ಶತಮಾನದ ಮನೋಚಿಕಿತ್ಸಕರು ತಮ್ಮ ಪದ್ಧತಿಯ ಮೂಲವೆಂದು ಒಪ್ಪಿಕೊಂಡಿರುವರು. ಆದರೆ ಆ ಹುಡುಗರು ಕೊರಗುತ್ತಿದ್ದುದು ಮನೆಗಾಗಿ, ಊರಿಗಾಗಿ. ತಾವು ಎಷ್ಟನೆಯವರು ಎಂಬುದಕ್ಕಾಗಿ ಅಲ್ಲ. ಪತಂಜಲಿಯ ಯೋಗಶಾಸ್ತ್ರದಲ್ಲಿ ದೌರ್ಮನಸ್ಯದ ಪ್ರಸ್ತಾಪವೂ ಪ್ರತಿಪಕ್ಷಭಾವನೆಯೆಂಬ ಉಪಾಯವೂ ಬಂದಿವೆ ಎಂಬುದನ್ನು ಬಲ್ಲ ಕೆಲವರು, ಆಧುನಿಕ ಚಿಕಿತ್ಸೆಯೆಲ್ಲವೂ ನಮ್ಮಲ್ಲಿಯೇ ಇದ್ದಿತೆಂದು ಹೇಳುವುದುಂಟು. ಪ್ರತಿಪಕ್ಷಭಾವನೆಯನ್ನು ಅಲ್ಲಿ ಹೇಳಿರುವುದು ಹಿಂಸೆಯೇ ಮೊದಲಾದ ವಿತರ್ಕಗಳ ನಿವಾರಣೆಗೆಂದು; ಪರೀಕ್ಷೆಯಲ್ಲಿ ಸೋತವನ ಆತ್ಮನಿಂದೆಗೆಂದಲ್ಲ. ಸಾದೃಶ್ಯವನ್ನು ಮೂಲವೆಂದು ಭ್ರಮಿಸಬಾರದು.

1621ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಬರ್ಟನ್ ಪ್ರಕಟಿಸಿದ ವಿಷಾದರೋಗದ ಬೃಹದ್ಗ್ರಂಥದಲ್ಲಿ ವಿದ್ವಾಂಸರ ದುರವಸ್ಥೆಗೇ ಮೀಸಲಾದ ಒಂದು ದೀರ್ಘ ಪ್ರಕರಣವಿದೆ. ಅತಿಯಾದ ವ್ಯಾಸಂಗ, ಏಕಾಂತ, ಕುಳಿತೇ ಇರುವ ಜೀವನ, ಇವುಗಳ ಜೊತೆಗೆ ಬಡತನವನ್ನೂ ಆಶ್ರಯದಾತರ ಉಪೇಕ್ಷೆಯನ್ನೂ ಆತನು ಕಾರಣಗಳಾಗಿ ಎಣಿಸಿರುವನು. ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ 1768ರಲ್ಲಿ ವಿದ್ವಾಂಸರ ಆರೋಗ್ಯವನ್ನು ಕುರಿತು ಬರೆದ ಪುಸ್ತಕವೂ ಈ ಪರಂಪರೆಗೇ ಸೇರಿದ್ದು. ಇವರ ಓದುಗನು ಓದಿ ಓದಿ ದಣಿದವನು. ಓದಿದರೂ ತಾನು ಕೀಳೆಂದು ಪಟ್ಟಿಯಿಂದ ತಿಳಿದುಕೊಂಡವನಲ್ಲ. ಆ ಎರಡನೆಯ ಬಗೆಯ ವಿದ್ಯಾರ್ಥಿಯನ್ನು ಕಾಣಲು ನಾವು ಕೇಂಬ್ರಿಜ್‌ಗೆ ಹೋಗಬೇಕು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮೊದಲಿಗೆ ಪರೀಕ್ಷೆಯೆಂದರೆ ಲ್ಯಾಟಿನ್ ಭಾಷೆಯಲ್ಲಿ ನಡೆಯುವ ವಾದಪ್ರತಿವಾದ. ‘ರ್‍ಯಾಂಗ್ಲರ್’ ಎಂಬ ಬಿರುದಿನ ಅರ್ಥವೇ ವಾದಿ ಎಂದು. ಹದಿನೆಂಟನೆಯ ಶತಮಾನದಲ್ಲಿ ಈ ಬಾಯಿಮಾತಿನ ಪರೀಕ್ಷೆ ಕ್ರಮೇಣ ಹಿಂದೆ ಸರಿದು ಬರವಣಿಗೆಯ ಗಣಿತ ಪರೀಕ್ಷೆ ಮುಂದೆ ಬಂದಿತು. 1748ರ ವೇಳೆಗೆ ಅಭ್ಯರ್ಥಿಗಳ ಹೆಸರುಗಳನ್ನು ಯೋಗ್ಯತಾನುಕ್ರಮದಲ್ಲಿ ಅಚ್ಚುಹಾಕುವ ಪದ್ಧತಿ ಆರಂಭವಾಗಿದ್ದಿತು. ವಾದದಲ್ಲಿ ಒಬ್ಬನು ಗೆದ್ದನೆಂದೂ ಒಬ್ಬನು ಸೋತನೆಂದೂ ಹೇಳಬಹುದೇ ಹೊರತು, ಇವನು ಮೂವತ್ತೇಳನೆಯವನು, ಅವನು ಮೂವತ್ತೆಂಟನೆಯವನು ಎಂದು ಹೇಳಲಾಗದು. ಬರೆದ ಉತ್ತರಗಳಿಗೆ ಅಂಕಗಳನ್ನು ಕೊಟ್ಟು ಕೂಡಿದಾಗ ಮಾತ್ರ ಅದು ಸಾಧ್ಯ. ಪಟ್ಟಿಯ ಮೊದಲನೆಯವನು ಸೀನಿಯರ್ ರ್‍ಯಾಂಗ್ಲರ್. ಅವನ ಹೆಸರು ದೇಶದ ಪತ್ರಿಕೆಗಳಲ್ಲಿ ಬರುತ್ತಿದ್ದಿತು. ಗೌರವಶ್ರೇಣಿಯ ಕಟ್ಟಕಡೆಯವನಿಗೆ ಅವನ ಸಹಪಾಠಿಗಳು ಪದವೀದಾನದ ಸಭೆಯಲ್ಲಿಯೇ ಮರದ ಚಮಚವೊಂದನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಗೌರವಶ್ರೇಣಿಯನ್ನು ಬಿಟ್ಟು ಸಾಮಾನ್ಯ ಪದವಿಯನ್ನು ಪಡೆದವರಿಗೆ, ಜನಸಾಮಾನ್ಯ ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ‘ಪೋಲ್’ ಎಂಬ ಹೆಸರು.

ಇಂತಹ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ 1840ರಲ್ಲಿ ಬರ್ಮಿಂಗ್‌ಹ್ಯಾಮ್ ಕಡೆಯ ಸ್ಥಿತಿವಂತರ ಮನೆಯ ಹುಡುಗನೊಬ್ಬನು ಸೇರಿದನು. ಇವನೇ ಫ್ರಾನ್ಸಿಸ್ ಗಾಲ್ಟನ್, ಚಾರ್ಲ್ಸ್ ಡಾರ್ವಿನ್ನನ ಜ್ಞಾತಿ. ಅದಕ್ಕೆ ಮೊದಲು ಬರ್ಮಿಂಗ್‌ಹ್ಯಾಮಿನಲ್ಲಿಯೂ ಲಂಡನ್ನಿನಲ್ಲಿಯೂ ವೈದ್ಯವನ್ನು ಕಲಿಯುತ್ತಿದ್ದವನು ಗಣಿತದ ಗೌರವಶ್ರೇಣಿಯನ್ನು ಬಯಸಿ ಬಂದನು. ಅವನಿಗೆ ಮನೆಪಾಠ ಹೇಳಿದವನು ವಿಲಿಯಂ ಹಾಪ್ಕಿನ್ಸ್. ಸೀನಿಯರ್ ರ್‍ಯಾಂಗ್ಲರುಗಳನ್ನು ತಯಾರು ಮಾಡುವವನೆಂದೇ ಈತನಿಗೆ ಹೆಸರಾಗಿದ್ದಿತು. 1841ರಲ್ಲಿ ಸ್ಟೋಕ್ಸ್, 1842ರಲ್ಲಿ ಕೇಲಿ, ಹೀಗೆ ಎರಡು ವರ್ಷ ಒಂದರ ಮೇಲೊಂದರಂತೆ ಹಾಪ್ಕಿನ್ಸನ ಶಿಷ್ಯರೇ ಮೊದಲಿಗರಾದರು; 1843ರಲ್ಲಿ ಆಡಮ್ಸ್ ಮೊದಲಿಗನಾದನು. ಮೂವರೂ ಮುಂದೆ ವಿಜ್ಞಾನದ ಚರಿತ್ರೆಯಲ್ಲಿ ಹೆಸರು ಪಡೆದವರು. ನೆಪ್ಚೂನ್ ಗ್ರಹದ ಸ್ಥಾನವನ್ನು ಲೆಕ್ಕದಿಂದ ಕಂಡವರಲ್ಲಿ ಆಡಮ್ಸ್ ಒಬ್ಬನು. ಗಾಲ್ಟನ್ ತನ್ನನ್ನು ಹೋಲಿಸಿಕೊಳ್ಳಬೇಕಾಗಿದ್ದ ನೆರೆಯವರು ಇಂತಹವರೆಂಬುದನ್ನು ನಾವು ಮರೆಯಬಾರದು.

ಮೂರನೆಯ ವರ್ಷದಲ್ಲಿ ಅವನ ಆರೋಗ್ಯ ಸಂಪೂರ್ಣ ಕುಸಿಯಿತು. ಒಂದು ಅವಧಿಯ ಓದನ್ನೇ ಬಿಟ್ಟು ಮನೆಗೆ ಹೋಗಬೇಕಾಯಿತು. ಆ ದಿನಗಳನ್ನು ಆತನು 1908ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ನೆನೆದಿರುವನು. ತಲೆಯೊಳಗೆ ಗಿರಣಿಯೊಂದು ತಿರುಗುತ್ತಿರುವಂತಿತ್ತು. ಬೆನ್ನುಹತ್ತಿದ ಆಲೋಚನೆಗಳನ್ನು ಅಟ್ಟಲಾಗುತ್ತಿರಲಿಲ್ಲ. ಅಚ್ಚಾದ ಪುಟವನ್ನು ನೋಡುವುದೂ ಕೆಲವು ವೇಳೆ ನೋವಾಗುತ್ತಿತ್ತು. ಆವಿಯಂತ್ರದಿಂದ ಅದರ ಶಕ್ತಿಗೆ ಮೀರಿದ ಕೆಲಸವನ್ನು ಸೆಳೆಯಲು ಹೊರಟಂತೆ ತಾನು ನಡೆದುಕೊಂಡಿದ್ದೆನೆಂದು ಆತನ ವಿವರಣೆ. ಎಂಬತ್ತಾರು ವರ್ಷದ ವೃದ್ಧನು ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನದನ್ನು ಬರೆದ ಮಾತಾದುದರಿಂದ ಅದನ್ನು ಎಚ್ಚರದಿಂದ ಬಳಸಬೇಕಾದುದು ನ್ಯಾಯವೇ. ಆದರೆ ಕಾರ್ಲ್ ಪಿಯರ್ಸನ್ ಬರೆದ ಗಾಲ್ಟನ್ ಚರಿತ್ರೆಯ 1914ರ ಮೊದಲ ಸಂಪುಟದಲ್ಲಿ, ಆ ವರ್ಷಗಳಲ್ಲಿಯೇ ತಂದೆಗೆ ಬರೆದ ಕಾಗದಗಳು ಅಚ್ಚಾಗಿವೆ. ತಲೆಯ ಬಾಧೆಯ ಮಾತು ಅವುಗಳಲ್ಲಿಯೂ ಬರುತ್ತದೆ. ಎರಡು ಸಾಕ್ಷ್ಯಗಳೂ ಕೂಡುವುದರಿಂದ ಸಂಗತಿಯನ್ನು ಶಂಕಿಸಲು ಕಾರಣವಿಲ್ಲ. ಗೌರವಶ್ರೇಣಿಯ ಆಸೆಯನ್ನು ಬಿಟ್ಟು 1844ರಲ್ಲಿ ಆತನು ‘ಪೋಲ್’ ಪದವಿಯನ್ನು ಪಡೆದನು. ಅದೇ ವರ್ಷ ತಂದೆ ತೀರಿಕೊಂಡರು.

ಇಲ್ಲಿಯ ವರೆಗಿನದು ಒಬ್ಬ ವಿದ್ಯಾರ್ಥಿಯ ದುಃಖ. ಇಪ್ಪತ್ತೈದು ವರ್ಷಗಳ ತರುವಾಯ ಅದು ಶಾಸ್ತ್ರವಾಗಿ ಮಾರ್ಪಟ್ಟ ಬಗೆ ನಮಗೆ ಹೆಚ್ಚು ಮುಖ್ಯ. 1869ರಲ್ಲಿ ಗಾಲ್ಟನ್ ‘ಹೆರಿಡಿಟರಿ ಜೀನಿಯಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಪ್ರತಿಭೆ ವಂಶದಿಂದ ಬರುವುದೆಂದು ಸಾಧಿಸಲು ಹೊರಟ ಆ ಗ್ರಂಥದಲ್ಲಿ, ಮನುಷ್ಯರ ಬುದ್ಧಿಶಕ್ತಿಯಲ್ಲಿ ಹುಟ್ಟಿನಿಂದಲೇ ಅಗಾಧವಾದ ಅಂತರವಿದೆಯೆಂಬುದಕ್ಕೆ ಆತನು ಆರಂಭದಲ್ಲಿಯೇ ತಂದ ಪ್ರಮಾಣಗಳಲ್ಲೊಂದು ಯಾವುದು? ಕೇಂಬ್ರಿಜ್‌ನ ಗಣಿತ ಪರೀಕ್ಷೆಯ ಅಂಕಪಟ್ಟಿ! ಒಂದು ವರ್ಷದ ಪರೀಕ್ಷೆಯಲ್ಲಿ ಒಟ್ಟು 17,000 ಅಂಕಗಳಿಗೆ ಸೀನಿಯರ್ ರ್‍ಯಾಂಗ್ಲರ್ 7,634 ಪಡೆದರೆ, ಗೌರವಶ್ರೇಣಿಯ ಕಡೆಯವನು ಪಡೆದುದು 237. ಮೊದಲಿಗನು ಕಡೆಯವನಿಗಿಂತ ಮೂವತ್ತೆರಡು ಪಟ್ಟಿಗೂ ಮಿಗಿಲು. ಈ ಅಂತರವನ್ನು ಗಾಲ್ಟನ್ ಬುದ್ಧಿಶಕ್ತಿಯ ಅಂತರವೆಂದೇ ತಿಳಿದನು. ಆದರೆ ಆ ಪರೀಕ್ಷೆಯನ್ನು ರಚಿಸಿದ್ದುದೇ ಅಭ್ಯರ್ಥಿಗಳನ್ನು ಒಬ್ಬರಿಂದೊಬ್ಬರನ್ನು ದೂರಮಾಡುವುದಕ್ಕಾಗಿ. ಮೊದಲನೆಯವನಿಗೂ ಅರ್ಧದಷ್ಟು ಅಂಕಗಳು ದೊರೆಯದಂತೆ ಪ್ರಶ್ನೆಗಳನ್ನು ಹೇರಿದ್ದಲ್ಲಿ, ವೇಗವಾಗಿ ಬರೆಯುವವನೂ ಹಾಪ್ಕಿನ್ಸನಂತಹವನ ಬಳಿ ಪಳಗಿದವನೂ ಬಹು ಮುಂದೆ ಹೋಗುವುದು ಸಹಜ. ಅಳತೆಗೋಲನ್ನು ಯಾವ ಉದ್ದೇಶಕ್ಕಾಗಿ ಕಡೆದರೆಂಬುದನ್ನು ಕೇಳದೆ, ಅದು ತೋರಿಸಿದುದನ್ನು ಪ್ರಕೃತಿಯ ನಿಯಮವೆಂದು ಸ್ವೀಕರಿಸಿದುದು ಗಾಲ್ಟನ್ನನ ತಪ್ಪೆಂದು ನಮ್ಮ ಅಭಿಪ್ರಾಯ.

ಅದೇ ಪ್ರಕರಣದಲ್ಲಿ ಮತ್ತೊಂದು ಭಾಗವಿದೆ. ಉತ್ಸಾಹದ ಹುಡುಗನೊಬ್ಬನು ಶಾಲೆಗೆ ಹೋಗಿ, ತನ್ನ ಪ್ರಗತಿಯನ್ನು ಕಂಡು ಬೆರಗಾಗಿ, ತಾನೂ ಜಗತ್ತಿನ ಮಹಾಪುರುಷರಲ್ಲೊಬ್ಬನಾಗಬಹುದೆಂದು ಕನಸು ಕಾಣುತ್ತಾನೆ. ವರ್ಷಗಳು ಕಳೆದಂತೆ ಒಂದೊಂದು ಪರೀಕ್ಷೆಯಲ್ಲಿಯೂ ತನ್ನ ಸರೀಕರ ನಡುವೆ ತನ್ನ ಸ್ಥಾನವೆಲ್ಲಿ ಎಂಬುದನ್ನು ಕಲಿಯುತ್ತಾನೆ. ಕಡೆಗೆ ತನ್ನ ಮಿತಿಯನ್ನು ಅರಿತು, ನಿಷ್ಫಲವಾದ ಆಸೆಗಳನ್ನು ತೊರೆದು, ತನ್ನ ಪ್ರಕೃತಿಗೆ ಸಾಧ್ಯವಾದಷ್ಟನ್ನು ಮಾಡುತ್ತಿದ್ದೇನೆಂಬ ನೆಮ್ಮದಿಯನ್ನು ಹೊಂದುತ್ತಾನೆ. ಗಾಲ್ಟನ್ ಇಲ್ಲಿ ತನ್ನ ಹೆಸರನ್ನು ಹೇಳುವುದಿಲ್ಲ. ಆದರೆ 1842ರ ಮನೆಗೆ ಮರಳಿದ ವಿದ್ಯಾರ್ಥಿಯನ್ನು ಬಲ್ಲವರಿಗೆ ಆ ಹುಡುಗನ ಗುರುತು ಹತ್ತದೆ ಇರದು. ತನ್ನ ಗಾಯಕ್ಕೆ ತಾನು ಕಂಡುಕೊಂಡ ಸಮಾಧಾನವನ್ನೇ ಆತನು ಎಲ್ಲರಿಗೂ ಅನ್ವಯಿಸುವ ಸಿದ್ಧಾಂತವಾಗಿ ಬೆಳೆಸಿದನು. ‘ನನಗೆ ಈ ಪರೀಕ್ಷೆ ಒಗ್ಗಲಿಲ್ಲ’ ಎನ್ನುವುದಕ್ಕಿಂತ ‘ನನ್ನ ಪ್ರಕೃತಿಯೇ ಇಷ್ಟು’ ಎನ್ನುವುದು ಅವನಿಗೆ ಶಾಂತಿಯನ್ನು ಕೊಟ್ಟಿತು. ಸ್ಥಿತಿವಂತನಾದ ಅವನಿಗೆ ಆ ಶಾಂತಿ ಅಗ್ಗವಾಗಿಯೇ ದೊರೆಯಿತು. ದೇಶಾಟನೆ ಮಾಡಿದನು, ಆಫ್ರಿಕಾ ಖಂಡವನ್ನು ಸಂಚರಿಸಿ ಕೀರ್ತಿ ಪಡೆದನು. ಅದೇ ಮಾತನ್ನು ಬಡವರ ಮನೆಯ ಹುಡುಗನು ನಂಬಿದರೆ ಅವನ ಮುಂದೆ ಉಳಿಯುವುದೇನು? 1883ರಲ್ಲಿ ‘ಯೂಜೆನಿಕ್ಸ್’ ಎಂಬ ಹೆಸರನ್ನು ಹುಟ್ಟಿಸಿದವನೂ ಈ ಗಾಲ್ಟನ್ನನೇ. ಅದರಿಂದಾದ ಅನರ್ಥಗಳ ಕಥೆ ಬೇರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಕೇಂಬ್ರಿಜ್‌ನಲ್ಲಿ ಕುಸಿದವನು ಗಾಲ್ಟನ್ ಒಬ್ಬನೇ ಅಲ್ಲ. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1853ರ ಬೇಸಗೆಯಲ್ಲಿ, ಅಂತಿಮ ಪರೀಕ್ಷೆಗೆ ಕೆಲವೇ ತಿಂಗಳುಗಳಿರುವಾಗ, ಸಫೋಕ್ ಪ್ರಾಂತದ ಪಾದ್ರಿಯೊಬ್ಬರ ಮನೆಗೆ ಅತಿಥಿಯಾಗಿ ಹೋಗಿದ್ದಾಗ ಜ್ವರದಿಂದ ಮಲಗಿದನು. ಅದನ್ನು ಮಿದುಳಿನ ಜ್ವರವೆಂದು ಕರೆದರು. ಆ ಮನೆಯವರು ಒಂದು ತಿಂಗಳ ಕಾಲ ಅವನನ್ನು ಆರೈಕೆ ಮಾಡಿದರು. ಆತನು ಚೇತರಿಸಿಕೊಂಡು 1854ರಲ್ಲಿ ಎರಡನೆಯ ರ್‍ಯಾಂಗ್ಲರ್ ಆದನು. ಅವನಿಗಿಂತ ಮೇಲಿನ ಸ್ಥಾನವನ್ನು ಪಡೆದ ರೌತ್ ಮುಂದೆ ಹಾಪ್ಕಿನ್ಸನಂತೆಯೇ ಪ್ರಸಿದ್ಧನಾದ ಮನೆಪಾಠದ ಗುರುವಾದನು. ವಿದ್ಯುತ್ಕಾಂತ ಸಿದ್ಧಾಂತವನ್ನು ಕೊಟ್ಟವನು ಎರಡನೆಯವನು.

ಈ ಪದ್ಧತಿ ಭಾರತಕ್ಕೆ ಬಂದಾಗ ಅದರ ಮುಖ ಇನ್ನಷ್ಟು ಕಠಿಣವಾಯಿತು. ಕೇಂಬ್ರಿಜ್‌ನಲ್ಲಿ ಕಾಲೇಜು, ಭೋಜನಶಾಲೆ, ದೋಣಿಯ ಪಂದ್ಯ, ಸಂಜೆಯ ನಡಿಗೆ ಇವೆಲ್ಲವೂ ವಿದ್ಯಾರ್ಥಿಯ ಜೀವನದ ಭಾಗವಾಗಿದ್ದು, ಪರೀಕ್ಷೆ ಅವುಗಳಲ್ಲೊಂದು. 1857ರಲ್ಲಿ ಕಲಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸುತ್ತಿದ್ದವು. ಬೋಧನೆಯ ಅಧಿಕಾರ ಅವುಗಳಿಗೆ ದೊರೆತುದು 1904ರ ಕಾಯಿದೆಯಿಂದ. ಹೀಗಾಗಿ ಸುಮಾರು ಅರ್ಧ ಶತಮಾನದ ಕಾಲ ಭಾರತದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯವೆಂದರೆ ವರ್ಷಕ್ಕೊಮ್ಮೆ ತನ್ನನ್ನು ತೂಗುವ ತಕ್ಕಡಿ ಮಾತ್ರ. ಕಲಕತ್ತೆಯಲ್ಲಿ 1858ರಲ್ಲಿ ನಡೆದ ಮೊದಲ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರೇ, ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಮತ್ತು ಜದುನಾಥ ಬೋಸರು. ಅವರಿಗೂ ಕೃಪಾಂಕಗಳನ್ನು ಕೊಡಬೇಕಾಯಿತು. ಅಂದು ಕೆಲವೇ ಅಂಕಗಳ ಔದಾರ್ಯ ತೋರದಿದ್ದಲ್ಲಿ ಬಂಕಿಮರೂ ‘ಬಿ. ಎ. ಫೇಲ್’ ಎನಿಸಿಕೊಳ್ಳುತ್ತಿದ್ದರು.

ಈ ‘ಫೇಲ್’ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಕನ್ನಡದಲ್ಲಿ ಪರೀಕ್ಷೆಯಲ್ಲಿ ಸೋತವನು ‘ನಪಾಸಾದ’ ಎನ್ನುತ್ತೇವೆ. ಹುಡುಗರ ಬಾಯಲ್ಲಿ ‘ಡುಮ್ಕಿ ಹೊಡೆದ’. ಇವು ಕ್ರಿಯೆಗಳು, ಬಿದ್ದವನು ಏಳಬಹುದು. ಆದರೆ ‘ಅವನು ಬಿ. ಎ. ಫೇಲ್’ ಎಂದಾಗ ನಡೆದುಹೋದ ಸಂಗತಿ ವ್ಯಕ್ತಿಯ ವಿಶೇಷಣವಾಗಿ ಅಂಟಿಕೊಂಡುಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ನೌಕರಿಯ ಅರ್ಜಿಗಳಲ್ಲಿ ಇದನ್ನೇ ಒಂದು ಅರ್ಹತೆಯೆಂದು ಬರೆದುಕೊಳ್ಳುತ್ತಿದ್ದುದು ಹಾಸ್ಯಕ್ಕೆ ವಸ್ತುವಾಗಿದೆ. ವಾಸ್ತವವಾಗಿ ಅಷ್ಟರ ಮಟ್ಟಿಗಾದರೂ ಓದಿದವರಿಗೆ ಅದು ಬೇಕಾಗಿದ್ದಿತು. ನಕ್ಕವರು ಹೊಟ್ಟೆ ತುಂಬಿದವರು. ವೃತ್ತಪತ್ರಿಕೆಗಳಲ್ಲಿ ಫಲಿತಾಂಶ ಪ್ರಕಟವಾಗುತ್ತಿದ್ದ ರೀತಿಯನ್ನು ಹಿರಿಯರು ಬಲ್ಲರು. ತೇರ್ಗಡೆಯಾದವರ ಸಂಖ್ಯೆಗಳಷ್ಟೇ ಅಲ್ಲಿ ಅಚ್ಚಾಗುತ್ತಿದ್ದವು. ಉಳಿದವರು ಆ ಸಂಖ್ಯೆಗಳ ನಡುವಣ ತೆರಪುಗಳು. ಇತಿಹಾಸಕಾರರ ಕಷ್ಟವೂ ಇದೇ. ಹಳೆಯ ಕ್ಯಾಲೆಂಡರುಗಳಲ್ಲಿ ಪದವೀಧರರ ಹೆಸರುಗಳುಂಟು, ಪದಕ ಪಡೆದವರ ಹೆಸರುಗಳುಂಟು. ಎರಡು ಬಾರಿ ಕುಳಿತು ಊರಿಗೆ ಹಿಂದಿರುಗಿದವನ ಮನಸ್ಸಿನಲ್ಲಿ ಏನು ನಡೆಯಿತೆಂಬುದಕ್ಕೆ ದಾಖಲೆಯಿಲ್ಲ.

ದಾಖಲೆ ಉಳಿದಿರುವುದು ಸೋತವನು ಆಮೇಲೆ ಪ್ರಸಿದ್ಧನಾದಾಗ ಮಾತ್ರ. ಶ್ರೀನಿವಾಸ ರಾಮಾನುಜನ್ ಅವರ ವೃತ್ತಾಂತ ಎಲ್ಲರಿಗೂ ತಿಳಿದುದೇ. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಗಣಿತವೊಂದನ್ನುಳಿದು ಬೇರೆ ವಿಷಯಗಳಲ್ಲಿ ಹಿಂದೆ ಬಿದ್ದುದರಿಂದ ವಿದ್ಯಾರ್ಥಿವೇತನ ಹೋಯಿತು. 1905ರಲ್ಲಿ ಯಾರಿಗೂ ಹೇಳದೆ ವಿಶಾಖಪಟ್ಟಣದ ಕಡೆಗೆ ಹೊರಟುಹೋದರು. ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿ 1906ರಲ್ಲಿ ಎಫ್. ಎ. ಪರೀಕ್ಷೆಯಲ್ಲಿ ನಪಾಸಾದರು, 1907ರಲ್ಲಿ ಖಾಸಗಿಯಾಗಿ ಕುಳಿತು ಪುನಃ ನಪಾಸಾದರು. ಇದನ್ನು ಪ್ರತಿಭಾವಂತನ ವೈಚಿತ್ರ್ಯವೆಂದು ಹೇಳಿ ಮುಗಿಸುವುದು ವಾಡಿಕೆ. ನಾವು ಗಮನಿಸಬೇಕಾದುದು ಬೇರೆ. ಒಂದು ವಿಷಯದಲ್ಲಿಯ ಸೋಲು ಉಳಿದ ವಿಷಯಗಳ ಗೆಲುವನ್ನು ಅಳಿಸಿಹಾಕುವಂತೆ ಆ ಪರೀಕ್ಷೆಯ ನಿಯಮವೇ ಇದ್ದಿತು. ಸೋತುದನ್ನೇ ಎತ್ತಿ ಹಿಡಿದು ಗೆದ್ದುದನ್ನು ಲೆಕ್ಕಕ್ಕೆ ತಾರದಿರುವುದನ್ನು ಈಗಿನ ಮನಶ್ಶಾಸ್ತ್ರ ಆಲೋಚನೆಯ ದೋಷವೆನ್ನುತ್ತದೆ. ಅಂದು ಅದು ವಿಶ್ವವಿದ್ಯಾನಿಲಯದ ಕಾನೂನು. 1913ರಲ್ಲಿ ರಾಮಾನುಜನ್ ಅವರ ಕಾಗದವನ್ನು ಓದಿ ಅವರನ್ನು ಗುರುತಿಸಿದ ಹಾರ್ಡಿಯವರು 1898ರ ನಾಲ್ಕನೆಯ ರ್‍ಯಾಂಗ್ಲರ್ ಆಗಿದ್ದು, ಕೇಂಬ್ರಿಜ್‌ನ ಅನುಕ್ರಮಪಟ್ಟಿಯನ್ನು ತೆಗೆದುಹಾಕಬೇಕೆಂದು ಹೋರಾಡಿದವರಲ್ಲಿ ಪ್ರಮುಖರು. ಆ ಪಟ್ಟಿಯನ್ನು ಕಡೆಯ ಬಾರಿ ಓದಿದುದು 1909ರಲ್ಲಿ.

ಅಲ್ಲಿ ಪಟ್ಟಿ ಹೋದರೂ ಅದರ ತೇಜಸ್ಸು ನಮ್ಮಲ್ಲಿ ಉಳಿಯಿತು. 1899ರ ಸೀನಿಯರ್ ರ್‍ಯಾಂಗ್ಲರ್ ಗೌರವವನ್ನು ಹಂಚಿಕೊಂಡ ಪರಾಂಜಪೆಯವರ ಹೆಸರು ಪುಣೆಗೆ ಓದಲು ಹೋಗುತ್ತಿದ್ದ ಉತ್ತರ ಕರ್ನಾಟಕದ ಹುಡುಗರಿಗೆ ಮಂತ್ರದಂತಿದ್ದಿತು. 1954ರಿಂದ 1967ರ ವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರನ್ನು ಜನ ಇಂದಿಗೂ ರ್‍ಯಾಂಗ್ಲರ್ ಪಾವಟೆಯವರೆಂದೇ ಸ್ಮರಿಸುವರು. ಇವರ ಯೋಗ್ಯತೆಯನ್ನು ಯಾರೂ ಅಲ್ಲಗಳೆಯರು. ಆದರೆ ಅಷ್ಟು ದೂರದ ಊರಿನ ಪರೀಕ್ಷೆಯ ಬಿರುದು ಇಲ್ಲಿ ಹೆಸರಿನ ಭಾಗವೇ ಆಯಿತೆಂಬುದು ಪದ್ಧತಿಯ ಪ್ರಭಾವಕ್ಕೆ ಸಾಕ್ಷಿ.

ಇನ್ನು ಮನಶ್ಶಾಸ್ತ್ರವು ನಮ್ಮ ವಿಶ್ವವಿದ್ಯಾನಿಲಯಗಳಿಗೆ ಪ್ರವೇಶಿಸಿದ ದಾರಿಯನ್ನು ನೋಡೋಣ. ಭಾರತದಲ್ಲಿ ಅದರ ಮೊದಲ ವಿಭಾಗ 1916ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು. ಅದಕ್ಕೆ ಪಠ್ಯಕ್ರಮವನ್ನು ಮುಂಚಿತವಾಗಿಯೇ ರಚಿಸಿಕೊಟ್ಟವರು ಬ್ರಜೇಂದ್ರನಾಥ ಶೀಲರು. ಅವರೇ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1924ರಲ್ಲಿ ಇಲ್ಲಿಯೂ ಮನಶ್ಶಾಸ್ತ್ರ ವಿಭಾಗ ಸ್ಥಾಪಿತವಾಯಿತು. ಅದರ ಮುಖ್ಯಸ್ಥರಾಗಿ ಬಂದ ಎಂ. ವಿ. ಗೋಪಾಲಸ್ವಾಮಿಯವರು (1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯೆಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ) ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರು. ಸ್ಪಿಯರ್‌ಮನ್ ಬುದ್ಧಿಮಾಪನವನ್ನು ಕೈಗೊಂಡುದು ಗಾಲ್ಟನ್ನನ ಸ್ಫೂರ್ತಿಯಿಂದ. ಹೀಗೆ ಕನ್ನಡನಾಡಿಗೆ ಬಂದ ಮನಶ್ಶಾಸ್ತ್ರದ ವಂಶಾವಳಿಯಲ್ಲಿ ಕೇಂಬ್ರಿಜ್‌ನಿಂದ ಮನೆಗೆ ಮರಳಿದ ಆ ವಿದ್ಯಾರ್ಥಿಯೂ ಒಬ್ಬ ಪಿತಾಮಹನೇ. ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ ಕಾರ್ಯವೂ ಆ ಕಾಲದ್ದೇ. ಅವರ ಗ್ರಂಥ 1940ರಲ್ಲಿ ಹೊರಬಂದಿತು. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿತವಾದುದು 1954ರಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಮನಸ್ಸನ್ನು ಅಳೆಯುವ ವಿದ್ಯೆಗೆ ವಿಶ್ವವಿದ್ಯಾನಿಲಯದಲ್ಲಿ ಮೊದಲು ಸ್ಥಾನ ದೊರೆಯಿತು. ಮನಸ್ಸನ್ನು ಸಂತೈಸುವ ವಿದ್ಯೆಯ ಉನ್ನತ ಶಿಕ್ಷಣಕ್ಕೆ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಗೋಪಾಲಸ್ವಾಮಿಯವರ ಕಾರ್ಯವನ್ನು ಲಘುವಾಗಿಸುವುದು ನಮ್ಮ ಉದ್ದೇಶವಲ್ಲ. ಕಾಲದ ಒಲವನ್ನು ಸೂಚಿಸುತ್ತಿದ್ದೇವೆ, ಅಷ್ಟೆ.

ನಿಷೇಧಾತ್ಮಕ ಚಿಂತನೆಯನ್ನು ರೋಗದ ಲಕ್ಷಣವೆನ್ನುವುದರ ಬದಲು ರೋಗವನ್ನು ಪೋಷಿಸುವ ಕಾರಣವೆಂದು ವ್ಯವಸ್ಥಿತವಾಗಿ ನಿರೂಪಿಸಿದವರು ಅಮೆರಿಕದ ಆಲ್ಬರ್ಟ್ ಎಲಿಸ್ ಮತ್ತು ಆರನ್ ಬೆಕ್. ಬೆಕ್ ಅವರ ಮೊದಲ ಮುಖ್ಯ ಪ್ರಬಂಧ 1963ರದು. ಖಿನ್ನತೆಗೆ ಗುರಿಯಾದವರ ಆಲೋಚನೆಯಲ್ಲಿ ಕೆಲವು ವಕ್ರತೆಗಳು ಪದೇಪದೇ ಬರುತ್ತವೆಂದು ಅವರು ತೋರಿಸಿದರು. ಆಧಾರವಿಲ್ಲದೆ ತೀರ್ಮಾನಕ್ಕೆ ಹಾರುವುದು, ಪ್ರತಿಕೂಲವಾದುದೊಂದನ್ನೇ ಆರಿಸಿಕೊಳ್ಳುವುದು, ಒಂದು ಸಂಗತಿಯಿಂದ ಇಡೀ ಬಾಳನ್ನು ಕುರಿತು ನಿಯಮ ಮಾಡುವುದು, ಸೋಲನ್ನು ಹಿಗ್ಗಿಸಿ ಗೆಲುವನ್ನು ಕುಗ್ಗಿಸುವುದು ಇತ್ಯಾದಿ. ಇವುಗಳನ್ನು ಗುರುತಿಸಿ, ಸಾ‌ಕ್ಷ್ಯವನ್ನು ಕೇಳಿ, ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸೆ ಅನೇಕರಿಗೆ ನೆರವಾಗಿದೆ. ಸಾಕ್ಷ್ಯವನ್ನು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಅಭ್ಯಾಸವೇ.

ವಿದ್ಯಾರ್ಥಿಗಳನ್ನೇ ಕುರಿತ ಒಂದು ಸಂಶೋಧನೆಯನ್ನು ಇಲ್ಲಿ ವಿವರಿಸುವುದು ಯುಕ್ತ. 1989ರಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸೂಸನ್ ನೋಲೆನ್-ಹೋಕ್ಸೆಮಾ ಅವರು 137 ಮಂದಿ ವಿದ್ಯಾರ್ಥಿಗಳ ಮನಸ್ಥಿತಿಯನ್ನೂ, ದುಃಖ ಬಂದಾಗ ಅವರು ಏನು ಮಾಡುವರೆಂಬುದನ್ನೂ ಪ್ರಶ್ನಾವಳಿಯ ಮೂಲಕ ದಾಖಲಿಸಿದ್ದರು. ಎರಡು ವಾರಗಳಲ್ಲಿಯೇ, ಅಕ್ಟೋಬರ್ 17ರಂದು, ಆ ಪ್ರದೇಶದಲ್ಲಿ ಭಾರಿ ಭೂಕಂಪವಾಯಿತು. ಹತ್ತು ದಿನಗಳ ಮೇಲೊಮ್ಮೆ, ಏಳು ವಾರಗಳ ಮೇಲೊಮ್ಮೆ ಅದೇ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ದುಃಖವನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿಹಾಕುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂದಿತು. ಅವರ ಮೊದಲಿನ ಮನಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಭೂಮಿ ಎಲ್ಲರ ಕಾಲಡಿಯಲ್ಲಿಯೂ ನಡುಗಿತ್ತು, ಆದರೆ ಎಲ್ಲರೊಳಗೂ ಅದು ಒಂದೇ ಪ್ರಕಾರ ಉಳಿಯಲಿಲ್ಲ. ಈ ಅಭ್ಯಾಸಕ್ಕೆ ಇಂಗ್ಲಿಷಿನಲ್ಲಿ ಪಶುಗಳು ಮೆಲುಕುಹಾಕುವುದರಿಂದ ಬಂದ ಹೆಸರಿದೆ. ಕನ್ನಡದಲ್ಲಿ ಹಾಗೆಂದರೆ ಸರಿಹೋಗದು. ನಾವು ಮೆಲುಕು ಹಾಕುವುದು ಸವಿನೆನಪುಗಳನ್ನು. ನೋವಿಗೆ ನಮ್ಮ ಮಾತು ‘ಕೊರಗು’. ಗಾಲ್ಟನ್ ಹೇಳಿದ ತಲೆಯೊಳಗಿನ ಗಿರಣಿ ಇದೇ ಎಂದು ಖಚಿತವಾಗಿ ಹೇಳಲು ನಾವು ವೈದ್ಯರಲ್ಲ. ಆದರೂ ಹೋಲಿಕೆ ಗಮನಾರ್ಹ.

ಈ ಶೋಧನೆಗಳ ಮೌಲ್ಯವನ್ನು ಒಪ್ಪಿಯೂ ನಾವೊಂದು ಆಕ್ಷೇಪವನ್ನು ಮುಂದಿಡಬೇಕಾಗಿದೆ. ಬೆಕ್ ಅವರು ಹೇಳಿದ ವಕ್ರತೆಗಳನ್ನು ನಮ್ಮ ಪರೀಕ್ಷಾಪದ್ಧತಿಯ ಪಕ್ಕದಲ್ಲಿಟ್ಟು ನೋಡಿ. 35 ಬಂದವನು ಪಾಸು, 34 ಬಂದವನು ಫೇಲು ಎಂಬಲ್ಲಿ ನಡುವಿನ ಬಣ್ಣಗಳಿಲ್ಲ. ಒಂದು ಪತ್ರಿಕೆಯಿಂದ ಇಡೀ ವರ್ಷವನ್ನು ಅಳೆಯುವಲ್ಲಿ ಸಾಮಾನ್ಯೀಕರಣದ ದೋಷವಿದೆ. ಲಕ್ಷಾಂತರ ಮಂದಿಯ ಪೈಕಿ ಮೊದಲ ಹತ್ತು ಹೆಸರುಗಳನ್ನು ಫಲಕದ ಮೇಲೆ ಬರೆಸುವಲ್ಲಿ ಹಿಗ್ಗಿಸುವುದೂ ಕುಗ್ಗಿಸುವುದೂ ಒಟ್ಟಿಗೇ ಇವೆ. ವಿದ್ಯಾರ್ಥಿಯು ಆ ಬಗೆಯ ತರ್ಕವನ್ನು ಒಬ್ಬನೇ ಕುಳಿತು ಕಲ್ಪಿಸಿಕೊಳ್ಳಲಿಲ್ಲ, ನಾವು ಅವನಿಗೆ ಕಲಿಸಿದೆವು. ಹತ್ತು ಹದಿನೈದು ವರ್ಷ ಅದನ್ನೇ ಬಾಯಿಪಾಠ ಮಾಡಿಸಿದ ಮೇಲೆ, ಹೀಗೆ ಯೋಚಿಸುವುದು ನಿನ್ನ ದೋಷವೆಂದು ಸಲಹೆಗಾರರ ಕೊಠಡಿಗೆ ಕಳುಹಿಸುತ್ತೇವೆ. 1979ರಲ್ಲಿ ಆಲಾಯ್ ಮತ್ತು ಅಬ್ರಾಮ್‌ಸನ್ ಎಂಬ ಸಂಶೋಧಕಿಯರು ನಡೆಸಿದ ಪ್ರಯೋಗವೂ ಇಲ್ಲಿ ನೆನೆಯತಕ್ಕದ್ದು. ಗುಂಡಿಯನ್ನು ಒತ್ತಿದಾಗ ಹಸಿರು ದೀಪ ಹತ್ತುವುದು ತಮ್ಮ ಕೈಯಲ್ಲಿ ಎಷ್ಟರ ಮಟ್ಟಿಗಿದೆ ಎಂಬುದನ್ನು ಅಂದಾಜುಮಾಡುವುದರಲ್ಲಿ ಕುಗ್ಗಿದ ಮನಸ್ಸಿನ ವಿದ್ಯಾರ್ಥಿಗಳೇ ಹೆಚ್ಚು ಯಥಾರ್ಥವಾಗಿದ್ದರು; ಉಳಿದವರು ಇಲ್ಲದ ಹತೋಟಿಯನ್ನು ಇದೆಯೆಂದು ಭಾವಿಸಿದರು. ಈ ಫಲಿತಾಂಶವನ್ನು ಕುರಿತು ಆಮೇಲೆ ವಿವಾದಗಳು ಎದ್ದಿವೆ. ಅಂತೂ, ಕುಗ್ಗಿದವನು ಹೇಳುವುದೆಲ್ಲವೂ ಭ್ರಮೆಯೆಂದು ಅಧ್ಯಾಪಕರು ಮೊದಲೇ ತೀರ್ಮಾನಿಸಿಕೊಂಡು ಕೂರಬಾರದು. ‘ಈ ಪಟ್ಟಿಯಲ್ಲಿ ನನಗೆ ಸ್ಥಳವಿಲ್ಲ’ ಎಂದು ಅವನು ಹೇಳುವುದು ಕೆಲವೊಮ್ಮೆ ಪಟ್ಟಿಯನ್ನು ಕುರಿತ ನಿಜವಾದ ವರದಿಯೂ ಆಗಿರಬಹುದು.

ಹಾಗೆಂದು ಚಿಕಿತ್ಸೆ ಬೇಡವೆಂಬುದು ನಮ್ಮ ವಾದವಲ್ಲ. ಗಾಯಗೊಂಡವನಿಗೆ ಮದ್ದು ಮೊದಲು, ಕಾರಣದ ವಿಚಾರಣೆ ಆಮೇಲೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ದೂರವಾಣಿ ಸಂಖ್ಯೆಯನ್ನು ಪ್ರತಿಯೊಂದು ವಿದ್ಯಾರ್ಥಿನಿಲಯದ ಗೋಡೆಯ ಮೇಲೂ ಬರೆಸುವುದು ಅವಶ್ಯಕ. ಸಹಾಯ ಕೇಳುವುದನ್ನು ದೌರ್ಬಲ್ಯವೆಂದು ತಿಳಿಯುವವರಿಗೆ ಮ್ಯಾಕ್ಸ್‌ವೆಲ್ಲನ ಉದಾಹರಣೆಯನ್ನು ಹೇಳಬಹುದು. ಆದರೆ ಕಾರಣದ ವಿಚಾರಣೆಯನ್ನು ಮದ್ದಿನ ಹೆಸರಿನಲ್ಲಿ ಮುಂದೂಡುತ್ತ ಹೋಗಲಾಗದು. 1948-49ರಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳದೆಂದು ಅಭಿಪ್ರಾಯಪಟ್ಟಿದ್ದಿತು. ಅದಕ್ಕೂ ಹಿಂದೆ 1917ರಿಂದ 1919ರ ವರೆಗೆ ಕೆಲಸಮಾಡಿದ ಕಲಕತ್ತ ವಿಶ್ವವಿದ್ಯಾನಿಲಯ ಆಯೋಗವೂ ಪರೀಕ್ಷೆಯ ಪ್ರಾಬಲ್ಯವನ್ನು ಕಟುವಾಗಿ ಟೀಕಿಸಿದ್ದಿತು.

ವಿಶಾಖಪಟ್ಟಣದಲ್ಲಿ ಪ್ರವೇಶಪರೀಕ್ಷೆಯ ತರಬೇತಿಗಾಗಿ ನೆಲೆಸಿದ್ದ ವಿದ್ಯಾರ್ಥಿನಿಯೊಬ್ಬಳ ಮರಣದಿಂದ ಉದ್ಭವಿಸಿದ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ಹದಿನೈದು ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಮನೋಸಲಹೆಗಾರರನ್ನು ನೇಮಿಸಬೇಕೆಂಬುದು ಅವುಗಳಲ್ಲೊಂದು. ವೃತ್ತಪತ್ರಿಕೆಗಳು ಎತ್ತಿ ಬರೆದುದು ಅದನ್ನೇ. ಇನ್ನೊಂದು ನಿರ್ದೇಶನದ ಕಡೆಗೆ ಅಷ್ಟು ಗಮನ ಹರಿಯಲಿಲ್ಲ: ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸುವುದನ್ನೂ, ಎಲ್ಲರೆದುರಿನಲ್ಲಿ ಅವಮಾನಪಡಿಸುವುದನ್ನೂ ಸಂಸ್ಥೆಗಳು ಬಿಡಬೇಕು ಎಂಬುದು. ಮೊದಲನೆಯ ನಿರ್ದೇಶನವನ್ನು ಒಂದು ನೇಮಕದ ಆದೇಶದಿಂದ ಪಾಲಿಸಬಹುದು. ಎರಡನೆಯದನ್ನು ಪಾಲಿಸಬೇಕಾದರೆ ಕಾಲೇಜಿನ ಮುಂಬಾಗಿಲಲ್ಲಿ ತೂಗುಹಾಕಿರುವ ಫಲಕಗಳಿಂದ ತೊಡಗಬೇಕಾಗುತ್ತದೆ.